ಮಹಡಿ ಮನೆಗೆ ಮೂವರು

ಸ್ನೇಹಿತರೇ, ಕದ್ರಿಯ ನಮ್ಮ ಮನೆಯ ಮೇಲಿನ ಮಹಡಿಯನ್ನು ಮೂವರು ಬಾಡಿಗೆಗೆ ಕೇಳಿದ್ದರು. ಯಾರಿಗೂ ಅನ್ಯಾಯವಾಗದಿರಲೆಂದು ಇವತ್ತು ಮೂವರನ್ನೂ ಒಟ್ಟಿಗೆ ಕರೆಸಿ, ಅವರೆದುರೇ ಚೀಟಿ ಎತ್ತುವುದೆಂದು ನಿರ್ಧರಿಸಿದ್ದೆ.

ನಾನು ಚಹಾ ತರುವಷ್ಟರಲ್ಲಿ ಅವರು ಪರಸ್ಪರ ಊರು, ಮನೆ, ಗುರುತಿನವರನ್ನೆಲ್ಲ ವಿಚಾರಿಸಿ ಮುಗಿಸಿದ್ದರು.

"ಚೀಟಿ ಎಂತಕ್ಕೆ ಅಕ್ಕ?" ಎಂದರು ಉಳ್ಳಾಲದ ಝುಬೈದಾ, ಪಕ್ಕದಲ್ಲಿ ಕೈಗೂಸನ್ನೆತ್ತಿಕೊಂಡು ಕೂತಿದ್ದ ಎರಡನೆಯವರನ್ನು ತೋರಿಸಿ. "ಮನೆ ಇವರಿಗೇ ಅಂತ ನಾವು ಮಾತಾಡಿ ಆಯ್ತು."

ಮೂರನೆಯವರಾದ ಶೆಟ್ಟರು ಸೇರಿಸಿದರು: "ಸಣ್ಣ ಮಗು ಉಂಟು ಮಾರಾಯ್ರೆ, ಬಾಡಿಗೆ ಸ್ವಲ್ಪ ಕಮ್ಮಿ ಮಾಡಿ."

ಮೂವರೆದುರು ನಾನೊಬ್ಬಳು. ಒಪ್ಪಿದೆ.

ಹೊರಡುವಾಗ ಝುಬೈದಾ ನಮ್ಮ ಹಾಲ್‌ನಲ್ಲೊಮ್ಮೆ ಕಣ್ಣಾಡಿಸಿದರು. "ಅಕ್ಕ, ಈ ಕೆಳಗಿನ ಮನೆ ಯಾವಾಗ ಖಾಲಿ ಆಗ್ತದೆ?"

ಇಲ್ಲಿ ನಾನೇ ಇದ್ದೇನೆ. ಆದರೆ ಅವರು ಇನ್ನೊಮ್ಮೆ ಕೂತು ಮಾತಾಡಿದರೆ ಇದು ನನಗೇ ಸಿಕ್ಕೀತೆಂಬ ಧೈರ್ಯವಿಲ್ಲ.