ಎದುರುಮನೆಯಲ್ಲಿ ನಾನಿಟ್ಟ ಕೋರಿಕೆ

ಅಕ್ಟೋಬರ್ ಬಂತೆಂದರೆ ಮಾಕಳಿಯ ನಮ್ಮ ಕೆಲವೇ ಕ್ರೈಸ್ತ ಮನೆಗಳಲ್ಲಿ ಮರಿಯಮ್ಮನವರ ಪ್ರತಿಮೆ ತಿರುಗುತ್ತಿತ್ತು. ದಿನಕ್ಕೊಂದು ಮನೆ. ಸಂಜೆ ಎಲ್ಲರೂ ಸೇರಿ ಮಣಿ ಎಣಿಸುತ್ತ ಜಪಸರದ ಪ್ರಾರ್ಥನೆ ಮಾಡಿ, ಕೊನೆಯಲ್ಲಿ ಒಬ್ಬೊಬ್ಬರಾಗಿ ತಮ್ಮ ಕೋರಿಕೆಯನ್ನು ಬಾಯಿಬಿಟ್ಟು ಹೇಳುವುದು, ಪ್ರತಿ ಕೋರಿಕೆಗೂ ಉಳಿದವರು "ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿರಿ" ಅನ್ನುವುದು. ಮರುದಿನ ಆ ಮನೆಯ ಹೆಂಗಸು ತಲೆಗೆ ಸೆರಗು ಹೊದ್ದು ಪ್ರತಿಮೆಯನ್ನು ಮುಂದಿನ ಮನೆಗೆ ಒಪ್ಪಿಸಬೇಕು. ನಮ್ಮ ನಂತರದ್ದು ಎದುರುಮನೆ.

ಆ ಮನೆಯ ಯಜಮಾನ, ಪೀಣ್ಯದಲ್ಲಿ ನನ್ನ ಗಂಡ ದುಡಿಯುವ ಕಾರ್ಖಾನೆಯಲ್ಲೇ ಸೂಪರ್‌ವೈಸರ್. ಆ ವರ್ಷ ಅಲ್ಲಿ ಬರೀ ಗಲಾಟೆ. ಮುಷ್ಕರದ ದಿನ ಯಾರೋ ಮ್ಯಾನೇಜರರ ಕಾರಿನ ಗಾಜು ಒಡೆದರು. ಒಡೆದದ್ದು ನನ್ನ ಗಂಡನೇ, ಕಣ್ಣಾರೆ ಕಂಡೆ ಅಂತ ಈತ ಹೇಳಿಬಿಟ್ಟ. ಇವರು ಆ ಹೊತ್ತಿನಲ್ಲಿ ಹಲ್ಲುನೋವೆಂದು ಲವಂಗ ಕಚ್ಚಿಕೊಂಡು ನನ್ನ ಅಡುಗೆಮನೆಯಲ್ಲಿ ಕೂತಿದ್ದರು. ಹೆಂಡತಿಯ ಸಾಕ್ಷಿಯನ್ನು ಯಾರು ಕೇಳುತ್ತಾರೆ? ಸಸ್ಪೆಂಡ್ ಆದರು. ಇನ್ನು ವಿಚಾರಣೆಯಲ್ಲೂ ಈತ ಅದೇ ಮಾತು ಆಡಿದರೆ ಕೆಲಸ ಹೋದ ಹಾಗೆಯೇ.

ಕಾನ್ವೆಂಟಿನ ಸಿಸ್ಟರುಗಳು ನನಗೆ ದನಿ ಏರಿಸದೆ ಮಾತಾಡುವುದನ್ನು ಕಲಿಸಿದ್ದರು. ಹಾಗಾಗಿ ನನ್ನ ದ್ವೇಷವೂ ಸಣ್ಣ ದನಿಯದೇ. ಅವರ ಮನೆಯ ಕುಕ್ಕರ್ ಕೂಗಿದಾಗಲೆಲ್ಲ ಅನ್ನ ಸೀದುಹೋಗಲಿ ಅಂದುಕೊಳ್ಳುತ್ತಿದ್ದೆ. ತಂತಿಯ ಮೇಲೆ ಆತನ ಬಿಳಿ ಅಂಗಿಗೆ ನೀಲಿ ಮೆತ್ತಿಕೊಂಡಿದ್ದರೆ ಆ ದಿನವೆಲ್ಲ ನನಗೆ ಹಬ್ಬ. ಭಾನುವಾರ ಚರ್ಚಿನ ಪೂಜೆಯಲ್ಲಿ ಆತ ಪರಮಪ್ರಸಾದಕ್ಕೆ ನಾಲಿಗೆ ಚಾಚಿದರೆ, ಅದೇ ನಾಲಿಗೆಯಲ್ಲವೇ ಎಂದು ನೋಡುತ್ತಿದ್ದೆ. ನಾನೂ ಪ್ರಸಾದ ತೆಗೆದುಕೊಂಡೇ ಬರುತ್ತಿದ್ದೆ.

ಜಪಸರ ನಡೆಸುತ್ತಿದ್ದ ಹಿರಿಯರು ಬಂದು ಮೆತ್ತಗೆ ಹೇಳಿದರು. "ನಿನಗೆ ಕಷ್ಟ ಆಗೋದಾದ್ರೆ ಆ ಮನೆ ಬಿಟ್ಟು ಮುಂದಿನ ಮನೆಗೆ ಕೊಡೋಣಮ್ಮ."

"ಬೇಡ ಅಂಕಲ್. ನಾನೇ ತಗೊಂಡು ಹೋಗ್ತೀನಿ."

"ದೊಡ್ಡ ಮನಸ್ಸು ಕಣಮ್ಮ ನಿಂದು," ಅಂದರು. ಪಾಪ.

ಸಂಜೆ ನಾನು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದಾಗ ಗಂಡ ಬಾಗಿಲಲ್ಲಿ ನಿಂತು ಕೇಳಿದರು. "ಪ್ರಾರ್ಥನೆಗೆ ಹೊರಟಿದ್ದೀಯೋ, ಜಗಳಕ್ಕೋ?"

"ಎರಡಕ್ಕೂ. ನೀವೂ ಬನ್ನಿ."

"ನಾನ್ಯಾಕೆ? ಕಲ್ಲು ಹೊಡೆಯೋನು ಅಲ್ವಾ ನಾನು," ಅಂತ ಚಾಪೆಯ ಮೇಲೆ ಮಲಗಿಬಿಟ್ಟರು.

ಎದುರುಮನೆಯ ಹಾಲಿನಲ್ಲಿ ಮೇಜಿಗೆ ಹೊಸ ಬಟ್ಟೆ ಹಾಸಿ, ಕನಕಾಂಬರ ಇಟ್ಟಿದ್ದರು. ಆ ಮನೆಯಾಕೆ ಪ್ರತಿಮೆ ಇಸಿದುಕೊಳ್ಳುವಾಗ ನಮ್ಮಿಬ್ಬರ ಬೆರಳು ತಾಗಿದವು. ಆಕೆಯ ಬೆರಳು ತಣ್ಣಗಿತ್ತು. ಆತ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಜಪಸರ ಮುಗಿಯಿತು. ಕೋರಿಕೆಗಳು ಶುರುವಾದವು: ಮಗಳ ಪರೀಕ್ಷೆಗಾಗಿ, ಅತ್ತೆಯ ಕಣ್ಣಿನ ಆಪರೇಷನ್ನಿಗಾಗಿ. ನನ್ನ ಸರದಿ ಬಂತು. ರುಬ್ಬುವಾಗ, ಅಕ್ಕಿ ಆರಿಸುವಾಗ ತಿದ್ದಿ ತೀಡಿಟ್ಟುಕೊಂಡ ವಾಕ್ಯ ಅದು.

"ಕಾಣದ್ದನ್ನು ಕಂಡೆನೆಂದು ಹೇಳಿ ಒಂದು ಮನೆಯ ಅನ್ನ ಕಿತ್ತ ನಾಲಿಗೆಗೆ, ಸತ್ಯ ಹೇಳುವ ತನಕ ಉಪ್ಪುಹುಳಿಯ ರುಚಿ ಹತ್ತದಿರಲಿ ಎಂದು ಬೇಡೋಣ."

ರೂಢಿಯ ಬಲ ನೋಡಿ, ಎಲ್ಲರೂ ಒಂದೇ ಸ್ವರದಲ್ಲಿ ಮೊರೆಯನ್ನು ಆಲಿಸಿರಿ ಅಂದುಬಿಟ್ಟರು. ಬಾಗಿಲಿಗೆ ಒರಗಿದ್ದ ಆತನೂ ಅಂದ! ಅಂದ ಮೇಲೆಯೇ ಎಲ್ಲರಿಗೂ ಅರ್ಥವಾದದ್ದು. ಯಾರೋ ಕೆಮ್ಮಿದರು. ಆತನ ಕೈ ತನ್ನ ಕುತ್ತಿಗೆಯ ಮೇಲೆ ಹೋಗಿ ಅಲ್ಲೇ ನಿಂತಿತು. ನನಗಾದ ಸುಖವನ್ನು ಏನೆಂದು ಹೇಳಲಿ, ಬಿಸಿಲಲ್ಲಿ ನಡೆದು ಬಂದವಳಿಗೆ ಮಜ್ಜಿಗೆ ಸಿಕ್ಕ ಹಾಗಿತ್ತು.

ಆಗ ಆತನ ಹೆಂಡತಿ ಬಾಯಿ ತೆರೆದಳು. ಮೇಣದಬತ್ತಿ ಹಚ್ಚಿದ ಬೆಂಕಿಪೊಟ್ಟಣ ಇನ್ನೂ ಕೈಯಲ್ಲೇ ಇತ್ತು.

"ಆವತ್ತು ಗಾಜು ಒಡೆದಾಗ ನಮ್ಮನೆಯವರು ಕ್ಯಾಂಟೀನಲ್ಲಿದ್ದರು. ನನಗೇ ಹೇಳಿದ್ದಾರೆ. ಅದನ್ನ ವಿಚಾರಣೇಲಿ ಹೇಳೋ ಧೈರ್ಯ ಅವರಿಗೆ ಬರಲಿ ಅಂತ ಬೇಡೋಣ."

ಹಿರಿಯರು ನೆಲ ನೋಡಿದರು. ಉತ್ತರವಿಲ್ಲದೆ ನಿಂತುಹೋದ ಕೋರಿಕೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಕೆಯ ಮುಷ್ಟಿಯಲ್ಲಿ ಪೊಟ್ಟಣ ನಜ್ಜುಗುಜ್ಜಾಗುತ್ತಿತ್ತು. ನಾವೆಲ್ಲ ಕಾಫಿ ಕುಡಿದು ಮನೆಗೆ ಹೋಗುತ್ತೇವೆ. ಆಕೆ ಅದೇ ಮನುಷ್ಯನಿಗೆ ಊಟ ಬಡಿಸಬೇಕು.

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿರಿ," ಅಂದೆ. ಒಬ್ಬಳೇ.

ಕರುಣೆಯಿಂದಲೇ ಅಂದೆ ಅಂತ ಹೇಳಿದರೆ ಸುಳ್ಳಾದೀತು. ನನ್ನ ಮಾತಿಗಿಂತ ಆಕೆಯ ಮಾತು ಆತನಿಗೆ ಆಳವಾಗಿ ನಾಟಿತ್ತು, ಅದು ನನಗೆ ಬೇಕಾಗಿತ್ತು. ಆದರೆ ಎಷ್ಟೋ ತಿಂಗಳಿನಿಂದ ನಾನು ಹೇಳಿದ ಪ್ರಾರ್ಥನೆಗಳಲ್ಲಿ ನಿಜವಾಗಿಯೂ ದೇವರಿಗೆ ಹೇಳಿದ್ದು ಅದೊಂದೇ. ದ್ವೇಷವನ್ನು ಹೊಸಿಲಾಚೆ ಬಿಟ್ಟು ಬಾ ಅಂತ ಆ ದೇವರು ಹೇಳಲಿಲ್ಲ. ಇಟ್ಟುಕೊಂಡೇ ಬಂದವಳ ಮೊರೆಯನ್ನೂ ಕೇಳಿಸಿಕೊಂಡ ಅನ್ನಿಸಿತು. ಎದೆಯೊಳಗೆ ಏನೋ ತಣ್ಣಗಾಯಿತು.

ವಿಚಾರಣೆಯ ದಿನ ಗಂಡ ಬಂದವರೇ ಚಪ್ಪಲಿ ಬಿಡುತ್ತಾ ಹೇಳಿದರು. "ತಾನು ನೋಡಲಿಲ್ಲ, ಕ್ಯಾಂಟೀನಲ್ಲಿದ್ದೆ ಅಂದ ಕಣೆ. ಸೋಮವಾರದಿಂದ ಡ್ಯೂಟಿ."

"ಹೇಳುವಾಗ ಮುಖ ಹೇಗಿತ್ತು? ಬೆವರಿತ್ತಾ?"

"ಬೆವರಿತ್ತು."

"ಸರಿ, ಕೈ ತೊಳ್ಕೊಳ್ಳಿ," ಅಂದೆ.

ಊಟಕ್ಕೆ ಕೂತಾಗ ಅವರು ಮೆಲ್ಲಗೆ, "ಹೋಗಿ ಒಂದು ಮಾತಾಡಿಸಿ ಬರೋಣ್ವಾ?" ಅಂದರು. ನೀವು ಬೇಕಾದರೆ ಆತನನ್ನು ಮಾತಾಡಿಸಿ ಅಂದೆ. ಸಾರನ್ನು ಒಂದು ಡಬ್ಬಿಗೆ ಬಗ್ಗಿಸಿಕೊಂಡು, ಆಕೆಯನ್ನು ನೋಡಲು ಅವರ ಹಿತ್ತಲ ಬಾಗಿಲಿನಿಂದ ಹೋದೆ.