ಗುಬ್ಬಿಯಲ್ಲಿ ಬೆಳೆದ ನೀಲಿ ಹರಳು

ಎಪ್ಪತ್ತರ ದಶಕದ ಕೊನೆಯ ದಿನಗಳು. ತುಮಕೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಪಿಎಚ್.ಡಿ. ಎಂಬ ವ್ರತ ಆಚರಿಸುತ್ತಿದ್ದೆ. ವಿಷಯ: ತಾಮ್ರದ ಸಂಯುಕ್ತಗಳ ಕಾಂತಗುಣ. ತಾಮ್ರ ಸೇರಿದ ಅಣುಗಳನ್ನು ಅಯಸ್ಕಾಂತವು ದೂರದ ನೆಂಟರನ್ನು ಊಟಕ್ಕೆ ಕರೆದಂತೆ, ಬಹಳ ಸಂಕೋಚದಿಂದ ಎಳೆಯುತ್ತದೆ. ಆ ಸಂಕೋಚ ಎಷ್ಟೆಂದು ಅಳೆಯುವುದೇ ನನ್ನ ಕೆಲಸ.

ಅಳೆಯಲು ಹರಳು ಬೇಕು. ಹರಳು ಬೆಳೆಯಲು ಮೂರು ವಾರ ಅಲುಗಾಡದ ಜಾಗ ಬೇಕು. ತುಮಕೂರಿನ ಅಂಚಿನ ಮರಳೂರಿನಲ್ಲಿದ್ದ ನನ್ನ ಬಾಡಿಗೆ ಮನೆ ಲಾರಿ ಹೋದಾಗಲೆಲ್ಲ ನಡುಗುತ್ತಿತ್ತು. ಹಾಗಾಗಿ ಗುಬ್ಬಿಯಲ್ಲಿದ್ದ ಸೋದರತ್ತೆಯ ಮನೆಯ ಹಿಂಕೋಣೆಯಲ್ಲಿ ನೀಲಿ ದ್ರಾವಣದ ಗಾಜಿನ ಬಟ್ಟಲನ್ನು ಪ್ರತಿಷ್ಠಾಪಿಸಿ, ಯಾರೂ ಮುಟ್ಟಕೂಡದೆಂದು ಶಾಸನ ಹೊರಡಿಸಿದೆ. ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ದರ್ಶನ ಮಾಡಿ ಬರುತ್ತಿದ್ದೆ. ಉಳಿದ ಆರು ದಿನ ಬೆಕ್ಕು, ಇಲಿ, ಅತ್ತೆಯ ಸೆರಗು ಇವೇ ಕಣ್ಣ ಮುಂದೆ.

ಕೊನೆಗೊಂದು ಭಾನುವಾರ ಹರಳು ತಂದೆ. ಒಣಗಿಸಿ, ಅರೆದು, ಗಾಜಿನ ನಳಿಗೆಗೆ ತುಂಬಿ, ಶುಕ್ರವಾರ ಕಾಲೇಜಿನ ತಕ್ಕಡಿಯಿಂದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಇಳಿಬಿಟ್ಟೆ. ನಳಿಗೆ ಪಂಕ್ತಿಗೆ ನುಗ್ಗುವವನಂತೆ ನೆಗೆದು ಧ್ರುವಕ್ಕೆ ಟಣ್ ಎಂದು ಅಂಟಿಕೊಂಡಿತು.

ತಾಮ್ರದ ಅಣುಗಳು ಕೋಣೆಯ ಶಾಖದಲ್ಲೇ ಅಯಸ್ಕಾಂತವಾಗಿಬಿಟ್ಟಿದ್ದವು! ಅಂಥದ್ದನ್ನು ಯಾರಾದರೂ ಕಂಡದ್ದು ನಮಗೆ ತಿಳಿದಿರಲಿಲ್ಲ. ನನ್ನ ಮಾರ್ಗದರ್ಶಕರಾದ ಪ್ರೊಫೆಸರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಬೆಂಗಳೂರಿನ ಸಮ್ಮೇಳನಕ್ಕೆ ಈಗ್ಲೇ ಬರಿಯಯ್ಯ. ತಡ ಮಾಡಿದ್ರೆ ಇನ್ಯಾರೋ ಬರ್ಕೊಂಡ್ಬಿಡ್ತಾರೆ." ಒಂದು ಪುಟದ ಸಾರಾಂಶ ನನ್ನ ಹೆಸರಿನಲ್ಲಿ ಸಿದ್ಧವಾಯಿತು. ಲಕೋಟೆಯನ್ನು ಅವರು ಜೇಬಿಗಿಳಿಸಿ, ಮಾರನೆಯ ದಿನ ಕುಣಿಗಲ್ಲಿನಿಂದಲೇ ಅಂಚೆಗೆ ಹಾಕುವುದಾಗಿ ಹೇಳಿ, ಅಲ್ಲಿನ ತಮ್ಮ ಮನೆಗೆ ಹೊರಟರು.

ಅವರು ಹೋದ ಮೇಲೆ ನನಗೆ ಒಂದು ವಿಷಯ ನೆನಪಾಯಿತು. ಅರೆಯುವಾಗ ಹರಳಿನೊಳಗೆ ಒಂದೆರಡು ಕರಿಯ ಚುಕ್ಕೆ ಕಂಡಿದ್ದವು. ಕಂಡಿದ್ದವು, ಆದರೂ ಅರೆದಿದ್ದೆ. ಇಲ್ಲದ ಅಯಸ್ಕಾಂತ ಕಂಡುಹಿಡಿದವನೆಂದು ಹೆಸರಾದರೆ ಪದವಿ ಹಾಗಿರಲಿ, ಪಾಠ ಹೇಳಲು ನಿಂತಾಗ ಹುಡುಗರ ಮುಖ ನೋಡುವುದು ಹೇಗೆ?

ಬೆಳಿಗ್ಗೆ ಮೊದಲ ಬಸ್ಸಿಗೆ ಗುಬ್ಬಿ.

"ಅತ್ತೆ, ಆ ಬಟ್ಲಿಗೆ ಏನಾದ್ರೂ ಹಾಕಿದ್ರಾ?"

"ಅಯ್ಯೋ, ನಾನ್ಯಾಕಪ್ಪ ಹಾಕ್ಲಿ? ಒಂದ್ ಮೊಳೆ ಹಾಕಿದ್ದೆ, ಅಷ್ಟೆ."

"ಮೊಳೆ?"

"ಕಬ್ಬಿಣದ್ದು ಕಣೋ. ಅಷ್ಟು ಚೆಂದಕ್ಕೆ ನೀಲಿ ಕಲ್ಲು ಬೆಳೀತಾ ಇತ್ತು. ಅಕ್ಕಪಕ್ಕದೋರೆಲ್ಲ ಬಂದು ಬಾಯ್ಬಿಟ್ಕೊಂಡು ನೋಡೋರು. ದೃಷ್ಟಿ ಆಗ್ದೆ ಇರುತ್ತಾ? ನೀನು ಬೈತೀಯಾ ಅಂತ ಭಾನುವಾರ ಬೆಳಿಗ್ಗೆ ತೆಗೆದಿಡ್ತಿದ್ದೆ."

ಗೂಡಿನಿಂದ ಮೊಳೆ ತಂದು ಕೊಟ್ಟರು. ತಾಮ್ರ ಹತ್ತಿ ಕೆಂಪಗಿತ್ತು. "ನೋಡು, ಎಂಥಾ ಬಣ್ಣ ಬಂದಿದೆ. ನಿನ್ನ ವಿದ್ಯೆ ದೊಡ್ಡದಪ್ಪ," ಎಂದು ಮೆಚ್ಚಿದರು. ತಾಮ್ರ ಮೊಳೆಗೆ ಹತ್ತಿದಷ್ಟೂ ಕಬ್ಬಿಣ ನನ್ನ ದ್ರಾವಣಕ್ಕೆ ಇಳಿದಿತ್ತು, ಮೊಳೆಯಿಂದ ಉದುರಿದ ಚೂರುಗಳು ಹರಳಿಗೆ ಸೇರಿದ್ದವು. ಎಂಟನೇ ತರಗತಿಗೆ ನಾನೇ ಪಾಠ ಮಾಡಬಹುದಾದ ಪ್ರಯೋಗ.

ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್. ಬಸ್ಸು ಪ್ರತಿ ಮರದಡಿಯೂ ನಿಂತಿತು ಎಂದು ಈಗಲೂ ಪ್ರಮಾಣ ಮಾಡಬಲ್ಲೆ. ಪ್ರೊಫೆಸರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಮೊಳೆ ಮುಂದಿಟ್ಟು ಎಲ್ಲ ಹೇಳಿದೆ.

"ಈಗಷ್ಟೇ ಹಾಕ್ಬಂದ್ನಲ್ಲಯ್ಯ," ಎಂದರು. ಲೋಟ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿದರು.

ಕೆಂಪು ಅಂಚೆಪೆಟ್ಟಿಗೆಯ ಪಕ್ಕದಲ್ಲಿ ನಾವಿಬ್ಬರು ವಿದ್ವಾಂಸರು ಬಿಸಿಲಿನಲ್ಲಿ ಎರಡು ಗಂಟೆ ಕಾವಲು ನಿಂತೆವು. ಪೆಟ್ಟಿಗೆ ತೆಗೆಯಲು ಬಂದವನು ನಮ್ಮ ಮನವಿ ಕೇಳಿ ನಕ್ಕ.

"ಒಳಕ್ಕೆ ಬಿದ್ಮೇಲೆ ಅದು ಸರ್ಕಾರದ್ದು ಸ್ವಾಮಿ. ನಿಮ್ದೇ ಕಾಗದ ಅಂತ ಕೊಟ್ರೆ, ನಾಳೆ ಇನ್ನೊಬ್ಬ ಬಂದು ಎಲ್ಲಾ ನಂದೇ ಅಂತಾನೆ."

"ಸರಿ ಬುಡಪ್ಪ. ಐದು ನಿಮಿಷ ತಾಳು," ಎಂದ ಪ್ರೊಫೆಸರು ಎದುರಿನ ಅಂಗಡಿಯಿಂದ ಅಂಚೆ ಕಾರ್ಡು ತಂದು, ನನ್ನ ಕೈಗೆ ಪೆನ್ನು ಕೊಟ್ಟರು. "ಬರಿ. ಸಬೂಬು ಬೇಡ." ನನ್ನ ಸಾರಾಂಶದಲ್ಲಿ ಹೇಳಿದ ಕಾಂತಗುಣ ಮೊಳೆಯದು, ತಾಮ್ರದ್ದಲ್ಲ, ಸಾರಾಂಶವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ಕಾರ್ಡೂ ಲಕೋಟೆಯಿದ್ದ ಅಂಚೆ ಚೀಲಕ್ಕೇ ಬಿತ್ತು.

"ಮೊದ್ಲು ಯಾವುದನ್ನ ಓದ್ತಾರೆ ಸಾರ್?" ಎಂದೆ.

"ಕಾರ್ಡನ್ನೇ ಕಣಯ್ಯ. ಒಡೆಯೋ ಕಷ್ಟ ಇಲ್ವಲ್ಲ."

ಹದಿನೈದು ದಿನ ಪೋಸ್ಟ್‌ಮ್ಯಾನ್ ಬೀದಿಗೆ ಬಂದರೆ ಬಾಗಿಲಿಗೆ ಓಡುತ್ತಿದ್ದೆ. ಕೊನೆಗೆ ಉತ್ತರ ಬಂತು: ಎರಡೂ ತಲುಪಿವೆ, ಮೊದಲನೆಯದನ್ನು ಕೈಬಿಡಲಾಗಿದೆ, ಎರಡನೆಯದಕ್ಕಾಗಿ ಧನ್ಯವಾದ. ಪದವಿ ಇನ್ನೂ ಎರಡು ವರ್ಷ ತಡವಾಯಿತು. ಹೊಸದಾಗಿ ಬೆಳೆಸಿದ ಹರಳು ಅಯಸ್ಕಾಂತದ ನಡುವೆ ನಿಂತಲ್ಲೇ ನಿಂತು, ತಕ್ಕಡಿಯಲ್ಲಿ ಕೂದಲೆಳೆಯಷ್ಟು ಮಾತ್ರ ಹೆಚ್ಚು ತೂಗಿದ ದಿನ, ಪ್ರೊಫೆಸರಿಗೆ ಕಾಣದಂತೆ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.