ಗುಂಡಿ ಬಿಡದ ಕೈ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದಕ್ಕೆ ಹಾಕುತ್ತಲೇ ಬಂದೆ. ಅದಕ್ಕೆ ಹೇಡಿತನ ಬಿಟ್ಟರೆ ಬೇರೆ ಕಾರಣವಿಲ್ಲ.

ಶಿರಾದ ಸಾಬರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಯಾರಾದರೂ ಗಾಬರಿಯಿಂದ ಓಡಿಬಂದರೆ ಸಾಕು, ಗದರುವರು: "ಅರೇ, ಆಮೇಲ್ ಅಳಪ್ಪಾ. ಎಲ್ಲಿ? ಏನಾಯ್ತು? ಎಷ್ಟು ಜನ?" ತಮ್ಮ ತಂಗಿಗೆ ಹೆರಿಗೆಯಾದ ಸುದ್ದಿ ತಂದವನಿಗೂ ಅದೇ ಪ್ರಶ್ನೆ. "ಒಬ್ನೇ ಸಾಬ್ರೇ, ಗಂಡು" ಎಂದನಂತೆ ಅವನು.

ಅರವತ್ತರ ದಶಕದಲ್ಲಿ ಅವರು ಮಂಗಳೂರಿನ ಒಂದು ಸರಕಿನ ಲಾಂಚಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದರು. ಮಧುಗಿರಿಯಲ್ಲಿ ಹೈಸ್ಕೂಲು ಮುಗಿಸಿ ಅಲೆಯುತ್ತಿದ್ದ ನನ್ನನ್ನು, ನಮ್ಮಪ್ಪನ ಮುಖ ನೋಡಿ, ಅದೇ ಮಾಲೀಕನ ದಡದ ವೈರ್‌ಲೆಸ್ ಕೋಣೆಗೆ ಸೇರಿಸಿದವರು ಅವರೇ. ಕೆಲಸ ಕಲಿಸಿದವರೂ ಅವರೇ. ಲಾಂಚಿಗೆ ಅಪಾಯ ಬಂದರೆ "ಮೇಡೇ" ಎಂದು ಮೂರು ಸಲ ಕೂಗಬೇಕು. ಲಾಂಚಿನ ಹೆಸರು, ಇರುವ ಜಾಗ, ಆದದ್ದೇನು, ಎಷ್ಟು ಜನ ಎಂದು ಹೇಳಿ, ಒತ್ತಿಹಿಡಿದ ಮೈಕಿನ ಗುಂಡಿ ಬಿಡಬೇಕು. ಗುಂಡಿ ಒತ್ತಿರುವಷ್ಟು ಹೊತ್ತು ನಮ್ಮ ಮಾತಷ್ಟೇ ಹೋಗುತ್ತದೆ, ಇನ್ನೊಬ್ಬರದು ನಮಗೆ ಕೇಳಿಸುವುದಿಲ್ಲ. ನಾನೋ ಬಾಯಿಬಡುಕ. ಗುಂಡಿ ಬಿಟ್ಟ ಕೂಡಲೇ ಸಮುದ್ರದಿಂದ ಸಾಬರ ಬೈಗುಳ ಬರುತ್ತಿತ್ತು: "ಬುಡ್ಲಾ ಲೇ ಗುಂಡಿನ! ಗಾಳಿ ಏನ್ ನಿಮ್ಮಪ್ಪನ ಹೊಲ್ವಾ? ಎಲ್ರೂ ಓಡಾಡೋ ದಾರಿ ಕಣ್ಲಾ!"

ಒಂದು ಮಧ್ಯಾಹ್ನ, ಬೇರೆ ಲಾಂಚಿನಲ್ಲಿದ್ದ ಕೊರಟಗೆರೆಯ ಗೆಳೆಯನಿಗೆ ಊರಿನ ಯಾವುದೋ ಮದುವೆ ಮುರಿದ ಕಥೆ ಹೇಳುತ್ತಿದ್ದೆ. ಅವನೂ ನಗಲೆಂದು ಗುಂಡಿ ಬಿಟ್ಟರೆ ಸಾಬರ ದನಿ: "...ಆರು ಜನ ಇದೀವಿ." ಅಷ್ಟೇ. ಜಾಗದ ಹೆಸರು ನನ್ನ ಹರಟೆಯಡಿ ಹೂತುಹೋಗಿತ್ತು. ಎಷ್ಟು ಕೂಗಿದರೂ ಉತ್ತರವಿಲ್ಲ. ಅಷ್ಟರಲ್ಲಿ ಮುಳುಗುತ್ತಿದ್ದ ಅವರ ಲಾಂಚಿನ ಬ್ಯಾಟರಿಗೆ ನೀರು ನುಗ್ಗಿತ್ತು. ಹುಡುಕಹೋದವರು ತಪ್ಪು ದಿಕ್ಕು ಹಿಡಿದರು. ಮರುದಿನ ಮೀನುಗಾರರು ಐವರನ್ನು ಮೇಲೆಳೆದುಕೊಂಡರು. ಅಡುಗೆಯವನು ಸಿಗಲೇ ಇಲ್ಲ.

ಮಾಲೀಕ ವಿಚಾರಣೆಗೆ ಕೂತ. "ಜಾಗ ಯಾಕಯ್ಯಾ ಹೇಳಲಿಲ್ಲ?"

"ಮೂರ್ ಸಲ ಹೇಳಿದೀನಿ ಸಾಮಿ. ಈ ಹುಡುಗನ್ನೇ ಕೇಳಿ."

"ನಿನಗೆ ಕೇಳಿಸಿತಾ?"

"ಇಲ್ಲ ಸಾರ್" ಎಂದೆ.

ಅದು ಸುಳ್ಳಲ್ಲ, ಸುಳ್ಳಿಗಿಂತ ಹೊಲಸು. ಯಾಕೆ ಕೇಳಿಸಲಿಲ್ಲ ಎಂದು ಆ ಮಾಲೀಕ ಕೇಳಲೇ ಇಲ್ಲ. ಗಾಬರಿಯಲ್ಲಿ ಸಾಬ ಜಾಗ ಹೇಳುವುದನ್ನು ಮರೆತ ಎಂದರೆ ಅವನ ಲಾಂಚಿನ ಕೊಳೆತ ಹಲಗೆಗಳ ಮಾತು ಏಳುವುದಿಲ್ಲವಲ್ಲ! ಅವನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿಕ್ಕೆ ನನಗೆ ಯಾವ ಹಕ್ಕಿದೆ?

ಸಾಬರ ಕೆಲಸ ಹೋಯಿತು. ಶಿರಾದಲ್ಲಿ ಭಾವಮೈದುನನ ಛತ್ರಿ ರಿಪೇರಿ ಅಂಗಡಿಯಲ್ಲಿ ಕೂತರು. ಎಲ್ಲ ಒಪ್ಪಿಕೊಳ್ಳಬೇಕೆಂದು ಒಮ್ಮೆ ಅಲ್ಲಿಗೆ ಹೋದೆ. ಬೆಂಚಿನ ಮೇಲಿದ್ದವನೊಬ್ಬ ಅವರನ್ನು ಕೆಣಕುತ್ತಿದ್ದ: "ಏನ್ ಸಾಬ್ರೇ, ನಮ್ ಕೆರೇಲಿ ತೆಪ್ಪ ಮುಳುಗಿದ್ರೆ ಹೆಂಗ್ ಕೂಗ್ತೀರಾ? ಕೆರೆ ಹೆಸ್ರು ಮರ್ತೋಗಲ್ವಾ?"

"ಕೂಗ್ತೀನಿ ಕಣಪ್ಪಾ. ಕೇಳೋ ನನ್ಮಗ ಬೇಕಲ್ಲ" ಎಂದರು ಸಾಬರು, ನನ್ನತ್ತ ನೋಡದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವನು ಎದ್ದುಹೋದ ಮೇಲೆ ಸಾಬರು ಕೈಯಲ್ಲಿದ್ದ ಛತ್ರಿ ಕೆಳಗಿಟ್ಟರು. "ಏನಾರ ಹೇಳಕ್ ಬಂದ್ಯೇನ್ಲಾ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದರು.

"ಇಲ್ಲ, ಸುಮ್ನೆ ಸಂತೆಗ್ ಬಂದಿದ್ದೆ" ಎಂದು ಬಸ್ಸು ಹಿಡಿದೆ.

ಮುಂದಿನ ಬೇಸಿಗೆಗೆ ಅವರು ತೀರಿಕೊಂಡರು. ನಾನು ಕ್ಷಮೆ ಕೇಳದೆ ಉಳಿದ ಆ ಮನುಷ್ಯನ ಹೆಸರು ಅಬ್ದುಲ್ ಗಫಾರ್.